ಒಳದಾರಿಯ ಮಾತ್ರೆ

ನಾನೀಗ ಇರುವ ದಕ್ಷಿಣ ಆಫ್ರಿಕಾದ ಪಟ್ಟಣಗಳ ಮೆಡಿಕಲ್ ಸ್ಟೋರ್‌ಗಳಲ್ಲಿ ಒಂದು ಸಣ್ಣ ವ್ಯವಹಾರ ದಿನವೂ ನಡೆಯುತ್ತದೆ. ಬಂದವರು ಮೊಬೈಲಿನ ಸಂದೇಶ ತೋರಿಸಿ, ಗುರುತಿನ ಚೀಟಿ ಕೊಟ್ಟು, ಮುಚ್ಚಿದ ಪೊಟ್ಟಣವೊಂದನ್ನು ತೆಗೆದುಕೊಂಡು ಹೋಗುತ್ತಾರೆ. ಒಳಗಿರುವುದು ಬಿಪಿ ಮಾತ್ರೆಯೋ, ಶುಗರಿನದೋ, ಎಚ್‌ಐವಿಯದೋ ಪಕ್ಕದಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ಎಲ್ಲ ದೀರ್ಘಕಾಲದ ಕಾಯಿಲೆಗಳಿಗೂ ಒಂದೇ ಥರದ ಪೊಟ್ಟಣ, ಒಂದೇ ಕೌಂಟರ್. 2014ರಲ್ಲಿ ಸರ್ಕಾರ ಶುರುಮಾಡಿದ ಈ ವ್ಯವಸ್ಥೆಗೆ ಈಗ ‘ಡಬ್ಲ್ಯಾಪ್ ಮೆಡ್ಸ್’ ಎಂಬ ಹೆಸರಿದೆ. ಇಲ್ಲಿನ ಬಡಾವಣೆಗಳ ಆಡುಮಾತಿನಲ್ಲಿ ಡಬ್ಲ್ಯಾಪ್ ಎಂದರೆ ಒಳದಾರಿ.

ಈ ಒಳದಾರಿ ಎಚ್‌ಐವಿ ಮಾತ್ರೆಗಾಗಿ ಕರ್ನಾಟಕಕ್ಕೂ ಬರಬೇಕು ಎಂಬುದು ನನ್ನ ಅನಿಸಿಕೆ. ಇಲ್ಲಿಯದೆಲ್ಲ ಚೆನ್ನ, ನಮ್ಮದೆಲ್ಲ ಹಿಂದೆ ಎಂಬ ಅರ್ಥದಲ್ಲಿ ಹೇಳುತ್ತಿಲ್ಲ. ಇಲ್ಲಿಯವರು ನಮ್ಮಿಂದ ಕಲಿಯಬೇಕಾದ ದೊಡ್ಡ ಪಾಠವೊಂದು ಮೈಸೂರಿನಲ್ಲಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಮಾತ್ರೆಯ ವಿಷಯ. ಇಂದು ಎರಡೂ ಕಡೆ ಕೊಡುವುದು ಒಂದೇ ಮಾತ್ರೆ, ಟಿಎಲ್‌ಡಿ: ಟೆನೊಫೊವಿರ್ 300 ಮಿ.ಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50, ಮೂರೂ ಸೇರಿ ದಿನಕ್ಕೊಂದು. ಆಫ್ರಿಕಾದಲ್ಲಿ ನುಂಗುವ ಮಾತ್ರೆಯ ಬಹುಪಾಲು ಭಾರತದ್ದೇ, ಅದರಲ್ಲೂ ಹೈದರಾಬಾದಿನ ಕಂಪನಿಗಳ ಪಾಲು ದೊಡ್ಡದು. 2001ರಲ್ಲಿ ಭಾರತದ ಸಿಪ್ಲಾ ಕಂಪನಿ ಒಬ್ಬರ ಒಂದು ವರ್ಷದ ಔಷಧಿಯನ್ನು 350 ಡಾಲರಿಗೆ ಕೊಡುತ್ತೇನೆಂದಾಗ ಪೇಟೆಂಟ್ ಇದ್ದ ಔಷಧಿಗೆ 10,000 ಡಾಲರಿನ ಮೇಲಿತ್ತು. 2023ರಲ್ಲಿ, ಬಡ ದೇಶಗಳಿಗೆ ಏಡ್ಸ್, ಟಿಬಿ, ಮಲೇರಿಯಾ ಔಷಧಿಗೆ ನೆರವು ಕೊಡುವ ಜಾಗತಿಕ ನಿಧಿ (ಗ್ಲೋಬಲ್ ಫಂಡ್) ಒಬ್ಬರ ಒಂದು ವರ್ಷದ ಟಿಎಲ್‌ಡಿಯನ್ನು 45 ಡಾಲರಿಗೂ ಕಡಿಮೆಗೆ ಕೊಂಡಿತು. ಇಷ್ಟಾದರೂ 2024ರ ಕೊನೆಗೆ ಜಗತ್ತಿನ 4.08 ಕೋಟಿ ಸೋಂಕಿತರಲ್ಲಿ ಚಿಕಿತ್ಸೆಯಲ್ಲಿದ್ದವರು 3.16 ಕೋಟಿ. ಆ ಒಂದೇ ವರ್ಷದಲ್ಲಿ 6.3 ಲಕ್ಷ ಜನ ಸತ್ತರು. ಬೆಲೆ ಇಷ್ಟು ಇಳಿದ ಮೇಲೂ ಮಾತ್ರೆ ಕೈಗೆ ಸೇರುತ್ತಿಲ್ಲವೆಂದರೆ ತೊಡಕು ಅದು ಬರುವ ದಾರಿಯಲ್ಲಿದೆ.

ನಮ್ಮ ದಾರಿ ಹೀಗಿದೆ. ಸರ್ಕಾರದ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರವಾದ ಐಸಿಟಿಸಿಯಲ್ಲಿ ಬೇರೆ ಬೇರೆ ಮೂರು ಕಿಟ್‌ಗಳಲ್ಲಿ ಪರೀಕ್ಷೆ, ಆಪ್ತ ಸಮಾಲೋಚಕರ ಮಾತು, ನಂತರ ಜಿಲ್ಲಾಸ್ಪತ್ರೆಯ ಅಥವಾ ಮೆಡಿಕಲ್ ಕಾಲೇಜಿನ ಎಚ್‌ಐವಿ ಚಿಕಿತ್ಸಾ ಕೇಂದ್ರವಾದ ಎಆರ್‌ಟಿ ಸೆಂಟರ್‌ನಲ್ಲಿ ನೋಂದಣಿ. 2017ರಿಂದ ರೋಗನಿರೋಧಕ ಕಣಗಳ ಎಣಿಕೆಯಾದ ಸಿಡಿ4 ಎಷ್ಟೇ ಇರಲಿ, ಸೋಂಕು ಖಚಿತವಾದ ಕೂಡಲೇ ಚಿಕಿತ್ಸೆ. ಸ್ಥಿತಿ ಸುಧಾರಿಸಿದವರು ತಾಲ್ಲೂಕಿನ ಉಪಕೇಂದ್ರವಾದ ಲಿಂಕ್ ಎಆರ್‌ಟಿಯಲ್ಲಿ ಮಾತ್ರೆ ಪಡೆಯಬಹುದು. ಕಾಗದದ ಮೇಲೆ ಇದು ಒಳ್ಳೆಯ ವ್ಯವಸ್ಥೆ. 2004ರ ಏಪ್ರಿಲ್ 1ರಂದು ಎಂಟು ಕೇಂದ್ರಗಳಲ್ಲಿ ಶುರುವಾದ ಉಚಿತ ಚಿಕಿತ್ಸೆ ಇಲ್ಲಿಯವರೆಗೆ ಬಂದಿರುವುದು ಸಣ್ಣ ಸಾಧನೆಯಲ್ಲ.

ಆದರೆ ಕೂಲಿಯವನ ಲೆಕ್ಕ ಬೇರೆ. ಮಾತ್ರೆ ಉಚಿತ, ಬಸ್ಸು ಉಚಿತವಲ್ಲ, ಆ ದಿನದ ಕೂಲಿಯೂ ಹೋಯಿತು. ಎಆರ್‌ಟಿ ಎಂಬ ಬೋರ್ಡಿನ ಕೆಳಗೆ ಬೆಂಚಿನ ಮೇಲೆ ಕೂತರೆ ಊರಿನ ಯಾರಾದರೂ ನೋಡಿಯಾರು ಎಂಬ ಅಂಜಿಕೆ. ಅದಕ್ಕೇ ಎಷ್ಟೋ ಜನ ತಮ್ಮ ಜಿಲ್ಲೆ ಬಿಟ್ಟು ಪಕ್ಕದ ಜಿಲ್ಲೆಯಲ್ಲಿ ಹೆಸರು ಬರೆಸುತ್ತಾರೆ, ದಾರಿ ಇನ್ನೂ ಉದ್ದವಾಗುತ್ತದೆ. ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಬಹುದೆಂದು ಮಾರ್ಗಸೂಚಿಯಲ್ಲಿದೆ. ದಾಸ್ತಾನು ತೆಳುವಾದಾಗ ಅದು ಒಂದು ತಿಂಗಳಿಗೋ ಅದಕ್ಕೂ ಕಡಿಮೆಗೋ ಇಳಿಯುತ್ತದೆ. 2022ರ ಜುಲೈನಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯಾದ ನ್ಯಾಕೋದ ಕಚೇರಿಯ ಮುಂದೆ ಸೋಂಕಿತರು ಧರಣಿ ಕೂತದ್ದು ಇದಕ್ಕೇ.

ದಕ್ಷಿಣ ಆಫ್ರಿಕಾ ಈ ಗಂಟನ್ನು ಒಂದೊಂದಾಗಿ ಬಿಚ್ಚಿತು, ಬಿಚ್ಚಲೇಬೇಕಾದ ಒತ್ತಡವೂ ಇತ್ತು. ಸೋಂಕಿತರ ಸಂಖ್ಯೆ ಇಲ್ಲಿ 80 ಲಕ್ಷದ ಆಸುಪಾಸು, ಇಡೀ ಭಾರತದಲ್ಲಿ ಸುಮಾರು 25 ಲಕ್ಷ. ಅಷ್ಟು ಜನರನ್ನು ನೋಡಲು ವೈದ್ಯರು ಸಾಲುವುದಿಲ್ಲ. 2010ರಿಂದ ತರಬೇತಿ ಪಡೆದ ನರ್ಸ್‌ಗಳೇ ಚಿಕಿತ್ಸೆ ಶುರುಮಾಡುತ್ತಾರೆ. ಅದಕ್ಕೂ ಮೊದಲೇ, 2007ರಲ್ಲಿ, ಕೇಪ್‌ಟೌನ್ ಹೊರವಲಯದ ಖಯೆಲಿಷಾದಲ್ಲಿ ‘ಕ್ಲಬ್’ಗಳು ಹುಟ್ಟಿದ್ದವು: ಆರೋಗ್ಯ ಸ್ಥಿರವಾಗಿರುವ 25–30 ಜನ ಎರಡು ತಿಂಗಳಿಗೊಮ್ಮೆ ಸೇರಿ, ತೂಕ ನೋಡಿಸಿ, ಮೊದಲೇ ಕಟ್ಟಿಟ್ಟ ಮಾತ್ರೆ ತೆಗೆದುಕೊಂಡು ಗಂಟೆಯೊಳಗೆ ಮನೆಗೆ. ನಂತರ ಬಂದದ್ದು ಮೆಡಿಕಲ್ ಸ್ಟೋರಿನ ಪೊಟ್ಟಣ, ಫೋನಿಗೆ ಬಂದ ಪಿನ್ ಒತ್ತಿದರೆ ತೆರೆಯುವ ‘ಪೆಲೆಬಾಕ್ಸ್’ ಎಂಬ ಲಾಕರ್. ರಕ್ತದಲ್ಲಿ ವೈರಸ್ ಹತೋಟಿಯಲ್ಲಿದ್ದು ಟಿಬಿಯಂಥ ತೊಂದರೆ ಇಲ್ಲದವರು ಈ ದಾರಿಗೆ. ಉಳಿದವರು ಕ್ಲಿನಿಕ್‌ಗೆ. ನರ್ಸಿನ ಸಮಯ ಬೇಕಾದವರಿಗೆ ಸಿಗುತ್ತದೆ.

ಎಡವುವ ಕಡೆಯೂ ಇದೆ. ಫೋನ್ ನಂಬರ್ ಬದಲಾದರೆ ಸಂದೇಶ ತಲುಪುವುದಿಲ್ಲ. ತೆಗೆದುಕೊಳ್ಳದ ಪೊಟ್ಟಣ ಕೆಲ ದಿನ ಕಾದು ವಾಪಸ್ ಹೋಗುತ್ತದೆ, ಆ ವ್ಯಕ್ತಿ ಚಿಕಿತ್ಸೆ ಬಿಟ್ಟವರ ಪಟ್ಟಿಗೆ ಸೇರುತ್ತಾರೆ. ತಿಂಗಳಾದ ಮೇಲೆ ಕ್ಲಿನಿಕ್‌ಗೆ ಬಂದರೆ ಗದರಿಕೆ. ಗದರಿಸಿಕೊಂಡವರು ಮತ್ತೆ ಬರುವುದಿಲ್ಲ. 2025ರ ಫೆಬ್ರವರಿಯಲ್ಲಿ ಇನ್ನೂ 11 ಲಕ್ಷ ಜನರನ್ನು ಚಿಕಿತ್ಸೆಗೆ ತರುವ ಅಭಿಯಾನ ಘೋಷಿಸಬೇಕಾಗಿ ಬಂತು. ಅವರಲ್ಲಿ ದೊಡ್ಡ ಪಾಲು ತಮಗೆ ಸೋಂಕಿದೆಯೆಂದು ಗೊತ್ತಿದ್ದವರು.

ಕರ್ನಾಟಕದಲ್ಲಿ ಇದನ್ನು ಹೇಗೆ ಮಾಡಬಹುದು? ಬಿಪಿ, ಶುಗರ್ ಮಾತ್ರೆಯನ್ನು ಮನೆ ಬಾಗಿಲಿಗೆ ತಲುಪಿಸುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಗಿದೆ. ಎಚ್‌ಐವಿ ಮಾತ್ರೆಯನ್ನೂ ಅದರಲ್ಲೇ ಮನೆಗೆ ಕಳಿಸೋಣ ಎಂದು ಯಾರಿಗಾದರೂ ಅನ್ನಿಸಬಹುದು. ಅದು ಬೇಡ. ನಮ್ಮ ಹಳ್ಳಿಯಲ್ಲಿ ಯಾರ ಮನೆಗೆ ಏನು ಬಂತೆಂಬುದು ಸಂಜೆಯೊಳಗೆ ಓಣಿಗೆಲ್ಲ ಗೊತ್ತು. ತಂದುಕೊಡುವವರೂ ಅದೇ ಊರಿನವರು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯಿದೆಯಂತೆ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಸೋಂಕಿನ ವಿಷಯ ಹೊರಗೆಡಹುವಂತಿಲ್ಲ, ಆದರೆ ಓಣಿಯ ಬಾಯಿಗೆ ಕಾಯಿದೆ ಬೀಗ ಹಾಕುವುದಿಲ್ಲ. ಪೊಟ್ಟಣ ಕಾಯಬೇಕಾದ್ದು ಸೋಂಕಿತರೇ ಆರಿಸಿಕೊಂಡ ಜಾಗದಲ್ಲಿ: ಕೆಲಸಕ್ಕೆ ಹೋಗುವ ದಾರಿಯ ಜನೌಷಧಿ ಅಂಗಡಿ, ಸಂತೆಯೂರಿನ ಆರೋಗ್ಯ ಕೇಂದ್ರ. ಎರಡು ದಿನದಲ್ಲಿ ತೆಗೆದುಕೊಳ್ಳದಿದ್ದರೆ ಒಂದು ಫೋನ್ ಕರೆ. ಆ ಕರೆ ಗದರಿಸುವವರದಲ್ಲ, ಸೋಂಕಿತರಲ್ಲೇ ತರಬೇತಿ ಪಡೆದವರದು ಆಗಿರಬೇಕು.

ಸರ್ಕಾರ 30 ಮಾತ್ರೆಯ ಡಬ್ಬಿ ಬಿಟ್ಟು 90 ಮಾತ್ರೆಯದನ್ನು ಕೊಂಡರೆ ಓಡಾಟ ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಡಬ್ಬಿ ಚೀಲದಲ್ಲಿ ಗಲಗಲ ಎನ್ನುತ್ತದೆಂದು ಮಾತ್ರೆಯನ್ನು ಕಾಗದಕ್ಕೆ ಸುರಿದುಕೊಂಡು ಹೋಗುವವರಿದ್ದಾರೆ. ಹಾಗೆ ಮಾಡಿದರೆ ತೇವ ತಗುಲಿ ಮಾತ್ರೆ ಕೆಡುತ್ತದೆ. ಡಬ್ಬಿಯಲ್ಲಿರುವ ಸಣ್ಣ ಚೀಟಿಯಂಥ ಪುಡಿಕೆ ತೇವ ಹೀರಲೆಂದೇ ಇರುವುದು, ಅದನ್ನು ತೆಗೆಯಬಾರದು. 

ಅಂಗಡಿಯವರಿಗೆ ಹೇಳಿಕೊಡಬೇಕಾದ್ದೂ ಇದೆ. ಡೊಲುಟೆಗ್ರಾವಿರನ್ನು ಬರಿ ಹೊಟ್ಟೆಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಿದರೆ ಅದು ಮೈಗೆ ಹತ್ತುವುದು ಕಡಿಮೆ. ಊಟದೊಂದಿಗೆ ಒಟ್ಟಿಗೆ ತೆಗೆದುಕೊಳ್ಳಬಹುದು. ಇಲ್ಲವಾದರೆ ಡೊಲುಟೆಗ್ರಾವಿರನ್ನು ಆ ಮಾತ್ರೆಗಿಂತ ಎರಡು ಗಂಟೆ ಮೊದಲು ಅಥವಾ ಅದಾಗಿ ಆರು ಗಂಟೆ ನಂತರ. ಎದೆಯುರಿಗೆ ಕುಡಿಯುವ ಆಂಟಾಸಿಡ್‌ಗೆ ಊಟದ ರಿಯಾಯಿತಿ ಇಲ್ಲ, ಅಷ್ಟು ಅಂತರ ಬೇಕೇ ಬೇಕು. ಬಸುರಿಯರಿಗೆ ಕಬ್ಬಿಣದ ಮಾತ್ರೆ ಕೊಡುವಾಗ ಈ ಮಾತು ಬಿಟ್ಟುಹೋಗುವುದು ಸುಲಭ. ಟಿಬಿಗೆ ರಿಫಾಂಪಿಸಿನ್ ತಿನ್ನುತ್ತಿದ್ದರೆ ಯಕೃತ್ತು ಡೊಲುಟೆಗ್ರಾವಿರನ್ನು ಬೇಗ ಹೊರಹಾಕುತ್ತದೆ, ಹಾಗಾಗಿ ಟಿಎಲ್‌ಡಿ ನುಂಗಿದ 12 ಗಂಟೆಗೆ ಇನ್ನೊಂದು 50 ಮಿ.ಗ್ರಾಂ ಡೊಲುಟೆಗ್ರಾವಿರ್ ಬೇಕು, ರಿಫಾಂಪಿಸಿನ್ ನಿಂತ ಎರಡು ವಾರದವರೆಗೂ.

ಇನ್ನು ಮೈಸೂರಿನ ಪಾಠ. ಸೋಂಕು ತಗಲದಂತೆ ಮೊದಲೇ ತೆಗೆದುಕೊಳ್ಳುವ ಮಾತ್ರೆಯನ್ನು, ಅಂದರೆ ಪ್ರೆಪ್ ಅನ್ನು, ದಕ್ಷಿಣ ಆಫ್ರಿಕಾ 2016ರಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರಿಂದ ಶುರುಮಾಡಿತು. ಮಾತ್ರೆ ಒಯ್ದವರು ಬಹಳ, ಮುಂದುವರಿಸಿದವರು ಕಡಿಮೆ. ಇಲ್ಲಿ ಆ ವೃತ್ತಿ ಅಪರಾಧ. ಪೊಲೀಸರ ಭಯ ಒಂದು ಕಡೆ, ಕ್ಲಿನಿಕ್‌ನ ತಿರಸ್ಕಾರ ಇನ್ನೊಂದು ಕಡೆ. ಅವರಿಗಾಗಿಯೇ ಇದ್ದ ಕ್ಲಿನಿಕ್‌ಗಳಲ್ಲಿ ಎಷ್ಟೋ ಅಮೆರಿಕದ ಹಣದಲ್ಲಿ ನಡೆಯುತ್ತಿದ್ದವು, 2025ರಲ್ಲಿ ಆ ಹಣ ನಿಂತಾಗ ಬಾಗಿಲು ಹಾಕಿದವು. ಮೈಸೂರಿನ ಆಶೋದಯ ಸಮಿತಿಯನ್ನು ನಡೆಸುವವರು ಲೈಂಗಿಕ ವೃತ್ತಿಯವರೇ. ಮೈಸೂರು–ಮಂಡ್ಯದಲ್ಲಿ ಅವರು ನಡೆಸಿದ ಪ್ರೆಪ್ ಪ್ರಯೋಗದಲ್ಲಿ ಬಹುತೇಕ ಎಲ್ಲರೂ ಕೊನೆಯವರೆಗೆ ಉಳಿದರು. ಮಾತ್ರೆ ತಪ್ಪಿಸಿದವರ ಮನೆಗೆ ಹೋದದ್ದು ಅದೇ ಬದುಕು ಬಲ್ಲ ಗೆಳತಿ. ಇಷ್ಟಾಗಿಯೂ, 2022ರಲ್ಲಿ ನ್ಯಾಕೋ ಪ್ರೆಪ್ ಮಾರ್ಗಸೂಚಿ ಹೊರಡಿಸಿದ ಮೇಲೂ, ನಮ್ಮಲ್ಲಿ ಅದು ಹೆಚ್ಚಾಗಿ ಕೈಯಿಂದ ದುಡ್ಡು ಕೊಟ್ಟು ಕೊಳ್ಳುವವರ ಪಾಲು. ಮಾಡಿ ತೋರಿಸಿದವರ ಕೈಗೇ ಮಾತ್ರೆ ಸಿಗದಿರುವುದು ನನಗೆ ನೋವಿನ ವಿಷಯ.

ಈಗ ಸೋಂಕು ತಗಲದಂತೆ ತಡೆಯುವ ಲೆನಾಕಾಪವಿರ್ ಬಂದಿದೆ. ಉಗಾಂಡ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಈ ಚುಚ್ಚುಮದ್ದು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲವೆಂದು 2024ರಲ್ಲಿ ತಿಳಿಯಿತು. ಹೊಟ್ಟೆಯ ಚರ್ಮದಡಿಗೆ 1.5 ಮಿ.ಲೀ.ನ ಎರಡು ಚುಚ್ಚು, ಮೊದಲ ಸಲ ಮಾತ್ರ ಅದೇ ದಿನ 300 ಮಿ.ಗ್ರಾಂನ ಎರಡು ಮಾತ್ರೆ, ಮರುದಿನ ಮನೆಯಲ್ಲಿ ಇನ್ನೆರಡು. ಮರುದಿನದ್ದು ಮರೆತರೆ ಔಷಧಿಯ ಮಟ್ಟ ಬೇಗ ಏರುವುದಿಲ್ಲ. ನಂತರ 26 ವಾರಕ್ಕೊಮ್ಮೆ, ಎರಡು ವಾರ ಆಚೀಚೆ ಆಗಬಹುದು. ಪ್ರತಿ ಸಲ ಚುಚ್ಚುವ ಮೊದಲು ಎಚ್‌ಐವಿ ಪರೀಕ್ಷೆ ಆಗಲೇಬೇಕು, ಏಕೆಂದರೆ ಸೋಂಕಿರುವವರಿಗೆ ಇದೊಂದನ್ನೇ ಕೊಟ್ಟರೆ ವೈರಸ್ ಈ ಔಷಧಿಗೆ ಬಗ್ಗದಂತಾಗುತ್ತದೆ. 2027ರಿಂದ ಒಬ್ಬರಿಗೆ ವರ್ಷಕ್ಕೆ 40 ಡಾಲರಿನಂತೆ ಇದನ್ನು ಒದಗಿಸಲು ಒಪ್ಪಿರುವ ಡಾ. ರೆಡ್ಡೀಸ್ ಮತ್ತು ಹೆಟೆರೊ ಎರಡೂ ಹೈದರಾಬಾದಿನವು. ಜಾಗತಿಕ ನಿಧಿಯ ನೆರವಿನಿಂದ ಇದನ್ನು ಮೊದಲು ಪಡೆಯುವ ದೇಶಗಳಲ್ಲಿ ದಕ್ಷಿಣ ಆಫ್ರಿಕಾ ಇದೆ. ಹೈದರಾಬಾದಿನಿಂದ ಇಲ್ಲಿಗೆ ಸಮುದ್ರ ದಾಟಿ ಬರಬಲ್ಲ ಮದ್ದು ರಾಯಚೂರಿಗೆ ಒಂದು ರಾತ್ರಿಯೊಳಗೆ ತಲುಪುತ್ತದೆ. ಅಲ್ಲಿ ಚುಚ್ಚುವವರು ಯಾರು, 26ನೇ ವಾರದಲ್ಲಿ ನೆನಪಿಸಿ ಕರೆತರುವವರು ಯಾರು ಎಂಬುದನ್ನು ಸರ್ಕಾರ ಈಗಲೇ ಬರೆದಿಡಲಿ. ಎರಡನೆಯ ಕೆಲಸ ಬಲ್ಲವರು ಮೈಸೂರಿನಲ್ಲಿದ್ದಾರೆ.