ಗ್ರೇಡ್ ನಂಬರ್ ನೋಡಿ ಕಾರ್ಬನ್ ಸೈಕಲ್ ಕೊಳ್ಳಬೇಡಿ

ಚಾಮುಂಡಿ ಬೆಟ್ಟ ಹತ್ತುವ ನಮ್ಮ ಮೈಸೂರಿನ ಸೈಕಲ್ ಹುಡುಗರು ಈಗ ಮೊದಲು ಹೇಳುವುದೇ ಇದು: 'ಅಣ್ಣ, ಫುಲ್ ಕಾರ್ಬನ್, ಟಿ1000!' ಲಕ್ಷಗಟ್ಟಲೆ ದುಡ್ಡು ಸುರಿಯುವ ಮುಂಚೆ ಒಂದು ವಿಷಯ ತಿಳಿದಿರಲಿ. ಆ ನಂಬರ್ ಒಳಗಿರುವ ಕಾರ್ಬನ್ ಎಳೆಯ ಗ್ರೇಡು, ಫ್ರೇಮಿನದ್ದಲ್ಲ.

ಬಹುಪಾಲು ಕಾರ್ಬನ್ ಫೈಬರ್ ಹುಟ್ಟುವುದು ಪ್ಯಾನ್ ಎಂಬ ಅಕ್ರಿಲಿಕ್ ನೂಲಿನಿಂದ. ಅದನ್ನು ಗಾಳಿಯಲ್ಲಿ 200ರಿಂದ 300 ಡಿಗ್ರಿಗೆ ಹದವಾಗಿ ಕಾಯಿಸುತ್ತಾರೆ. ಆಮೇಲೆ ನೈಟ್ರೋಜನ್ ತುಂಬಿದ ಕುಲುಮೆಯಲ್ಲಿ ಸಾವಿರ ಡಿಗ್ರಿ ದಾಟಿಸುತ್ತಾರೆ. ಆಮ್ಲಜನಕ ಇಲ್ಲದ್ದರಿಂದ ನೂಲು ಉರಿದು ಹೋಗುವುದಿಲ್ಲ, ಇಂಗಾಲ ಉಳಿಯುತ್ತದೆ. ಒಂದೊಂದು ಎಳೆ 5ರಿಂದ 7 ಮೈಕ್ರಾನ್ ದಪ್ಪ. 3ಕೆ, 12ಕೆ ಅಂತಾರಲ್ಲ, ಅದು ಒಂದು ಕಟ್ಟಿನಲ್ಲಿ ಎಷ್ಟು ಸಾವಿರ ಎಳೆ ಇವೆ ಅನ್ನೋ ಲೆಕ್ಕ ಅಷ್ಟೇ. ಶಕ್ತಿಗೂ ಅದಕ್ಕೂ ಸಂಬಂಧವಿಲ್ಲ.

ಜಪಾನಿನ ಟೊರೇ ಕಂಪನಿಯ ಟಿ300 ಎಳೆ 3530 ಮೆಗಾಪಾಸ್ಕಲ್ ಎಳೆತ ತಡೆಯುತ್ತದೆ, ಟಿ700 ಎಳೆ 4900. ಆದರೆ ಎರಡರ ಮಾಡ್ಯುಲಸ್ಸೂ, ಅಂದರೆ ಹಿಗ್ಗದೆ ಬಾಗದೆ ಬಿಗಿಯಾಗಿ ನಿಲ್ಲುವ ಗುಣದ ಅಳತೆಯೂ, 230 ಗಿಗಾಪಾಸ್ಕಲ್. ಅಂದರೆ ಟಿ700 ಹೆಚ್ಚು ಗಟ್ಟಿ, ಬಾಗದಿರುವುದರಲ್ಲಿ ಮಾತ್ರ ಎರಡೂ ಒಂದೇ. ಇನ್ನು ಅದೇ ಕಂಪನಿಯ ಎಂ55ಜೆ ಎಳೆ ನೋಡಿ. ಮಾಡ್ಯುಲಸ್ 540, ಉಕ್ಕಿನದರ ಎರಡೂವರೆ ಪಟ್ಟಿಗೂ ಜಾಸ್ತಿ. ಆದರೆ ನೂರಕ್ಕೆ ಒಂದು ಭಾಗ ಹಿಗ್ಗುವ ಮೊದಲೇ ಮುರಿಯುತ್ತದೆ. ಉಪಗ್ರಹಕ್ಕೆ ಅದು ಸರಿ. ಗುಂಡಿ ಬಿದ್ದ ರಸ್ತೆಗೆ ಅಂಥದ್ದೇ ಯಾಕೆ ಬೇಕು?

ಎಳೆ ಒಂದೇ ಫ್ರೇಮ್ ಆಗುವುದಿಲ್ಲ, ಅಲ್ವಾ? ಅದನ್ನು ಎಪಾಕ್ಸಿ ರೆಸಿನ್ ಎಂಬ ಅಂಟು ಹಿಡಿದು ಪದರ ಮಾಡಬೇಕು. ಎಳೆಯ ಉದ್ದಕ್ಕೆ ಎಳೆದರೆ ಸಾವಿರಾರು ಮೆಗಾಪಾಸ್ಕಲ್ ತಡೆಯುವ ಪದರ, ಅಡ್ಡಕ್ಕೆ ಎಳೆದರೆ ಹತ್ತಾರಕ್ಕೇ ಬಿದಿರಿನ ಹಾಗೆ ಸೀಳುತ್ತದೆ. ಅದಕ್ಕೇ ಪದರಗಳನ್ನು ಬೇರೆ ಬೇರೆ ಕೋನದಲ್ಲಿ ಹಾಕುತ್ತಾರೆ. ನನ್ನ ಪ್ರಕಾರ ನೀವು ದುಡ್ಡು ಕೊಡಬೇಕಾದ್ದು ಈ ಕೆಲಸಕ್ಕೆ. ಪದರ ಸರಿಯಾಗಿ ಕೂತ ಟಿ700 ಫ್ರೇಮು, ಗಾಳಿಗುಳ್ಳೆ ಉಳಿದ ಟಿ1000 ಫ್ರೇಮಿಗಿಂತ ಎಷ್ಟೋ ಮೇಲು.

ಪೆಟ್ಟು ಬಿದ್ದಾಗ ಇನ್ನೂ ಹುಷಾರಾಗಿರಬೇಕು. ರೋಲ್ಸ್ ರಾಯ್ಸ್ ಕಂಪನಿ ತನ್ನ ಆರ್‌ಬಿ211 ವಿಮಾನ ಇಂಜಿನ್ನಿಗೆ ಕಾರ್ಬನ್ ಫೈಬರ್ ಬ್ಲೇಡ್ ಹಾಕಲು ಹೋಗಿ, ಹಕ್ಕಿ ಬಡಿಯುವ ಪರೀಕ್ಷೆಯಲ್ಲಿ ಅವು ಚೂರಾದ ಮೇಲೆ ಟೈಟಾನಿಯಮ್‌ಗೆ ಹೋಯಿತು. ಅಲ್ಯೂಮಿನಿಯಮ್ ಆದರೆ ತಗ್ಗು ಬಿದ್ದು ತೋರಿಸುತ್ತದೆ. ಕಾರ್ಬನ್‌ನಲ್ಲಿ ಮೇಲಿನ ಪೇಂಟ್ ಚೆನ್ನಾಗೇ ಇರುತ್ತದೆ, ಒಳಗೆ ಪದರ ಬಿಟ್ಟಿರುತ್ತದೆ. ವಿಮಾನದ ಭಾಗಗಳನ್ನು ಅಲ್ಟ್ರಾಸೌಂಡ್ ಹಾಕಿ ನೋಡುವುದು ಸುಮ್ನೆ ಅಲ್ಲ. ಬಿದ್ದ ಸೈಕಲ್ಲನ್ನು ಕಾರ್ಬನ್ ರಿಪೇರಿ ಗೊತ್ತಿರುವವರಿಗೆ ತೋರಿಸದೆ ಬೆಟ್ಟದಿಂದ ಇಳಿಸಬೇಡಿ, ದಯವಿಟ್ಟು.

ಸೀಟ್ ಪೋಸ್ಟ್ ಬಿಗಿ ಮಾಡುವಾಗಲೂ ಅಷ್ಟೇ. ಕೈ ಅಂದಾಜು ಬೇಡ. ಕ್ಲ್ಯಾಂಪ್ ಮೇಲೆ ಎಷ್ಟು ನ್ಯೂಟನ್ ಮೀಟರ್ ಅಂತ ಬರೆದಿರುತ್ತದೆ, ಟಾರ್ಕ್ ರೆಂಚ್ ಹಿಡಿದು ಅಷ್ಟಕ್ಕೇ ನಿಲ್ಲಿಸಿ. ಫ್ರೇಮ್ ಕಾರ್ಬನ್ ಆಗಿ ಪೋಸ್ಟ್ ಅಲ್ಯೂಮಿನಿಯಮ್ ಆಗಿದ್ದರೆ ಆಗಾಗ ಬಿಚ್ಚಿ ಒರೆಸಿ. ಬೆವರು ಇಳಿದರೆ ಕಾರ್ಬನ್‌ಗೆ ತಾಗಿರುವ ಅಲ್ಯೂಮಿನಿಯಮ್ ತುಕ್ಕು ತಿಂದು ಅಲ್ಲೇ ಹಿಡಿದುಕೊಳ್ಳುತ್ತದೆ.