ಸಾಗುವಾನಿ ಬಾಗಿಲೂ ನಾನೂ

“ಅಲ್ಲ ಕಣೋ, ಇಂಜಿನಿಯರಿಂಗ್ ಓದಿಸಿದ್ದು ಇದಕ್ಕೇನೋ?”

ವೀಡಿಯೊ ಕಾಲ್‌ನಲ್ಲಿ ಅಮ್ಮ ಕೇಳಿದಳು. ನನ್ನ ಕೈಯಲ್ಲಿ ಉಪ್ಪುಕಾಗದ, ಹುಬ್ಬಿನ ತುಂಬ ಮರದ ಪುಡಿ, ಹಿಂದೆ ಒಂದು ಮುರುಕಲು ಬೋಗಿ. ಏನಂತ ಉತ್ತರ ಕೊಡೋದು?

ವಾರವೆಲ್ಲ ಕಂಪ್ಯೂಟರ್ ಮುಂದೆ ಕೂರುವ ನಾನು ಶನಿವಾರ ಬಂತೆಂದರೆ ಬ್ರಿಟನ್ನಿನ ಯಾರ್ಕ್‌ಶೈರ್‌ನ ಒಂದು ಶೆಡ್ಡಿಗೆ ಓಡುತ್ತೇನೆ. ಹಳೇ ಮರದ ರೈಲು ಬೋಗಿಗಳನ್ನು ರಿಪೇರಿ ಮಾಡುವ ಶೆಡ್ಡು. ಸಂಬಳ ಇಲ್ಲ, ಚಹಾ ಬಿಸ್ಕತ್ತು ಉಂಟು. ಶೆಡ್ಡಿನ ಹೆಸರು ಮಾತ್ರ ಹೇಳುವುದಿಲ್ಲ. ಯಾಕೆ ಅಂತ ಮುಂದೆ ನಿಮಗೇ ಗೊತ್ತಾಗುತ್ತದೆ.

ಈ ದೇಶದಲ್ಲಿ ಇದು ಹಳೇ ಹುಚ್ಚು. ವೇಲ್ಸ್‌ನಲ್ಲಿ ಟ್ಯಾಲಿಲಿನ್ ಅನ್ನೋ ಪುಟ್ಟ ರೈಲು ಇನ್ನೇನು ಮುಚ್ಚಿಹೋಗಬೇಕು ಅನ್ನುವಾಗ 1951ರಲ್ಲಿ ಹವ್ಯಾಸಿಗಳೇ ಕೈಹಾಕಿ ಓಡಿಸಿದರು. ಸ್ವಯಂಸೇವಕರು ಉಳಿಸಿಕೊಂಡ ಜಗತ್ತಿನ ಮೊದಲ ರೈಲು ಅದು. ಆಮೇಲೆ ಊರೂರಿಗೂ ಈ ಗೀಳು ಹತ್ತಿತು. ರೈಲ್ವೆಯವರು ಬೇಡವೆಂದು ಮಾರಿದ ಬೋಗಿಗಳಲ್ಲಿ ಕೆಲವು ಮನೆಯಾಗಿದ್ದವು, ಕೆಲವು ತೋಟದ ಶೆಡ್ಡಾಗಿದ್ದವು. ನಮ್ಮದು ಕೋಳಿಗೂಡಾಗಿತ್ತು. ಮೊದಲ ಮೂರು ಶನಿವಾರ ನಾನು ಕೆರೆದದ್ದು ಬಣ್ಣವನ್ನಲ್ಲ, ಹಿಕ್ಕೆಯನ್ನು. ಇದನ್ನು ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ತಂಡದಲ್ಲಿ ನಾನೇ ಚಿಕ್ಕವನು, ನಲವತ್ತಾರು. ಹಿರಿಯ ಅಜ್ಜನಿಗೆ ಎಪ್ಪತ್ತೆಂಟು. ನಿವೃತ್ತ ದಂತವೈದ್ಯ. ಹಲ್ಲಿನ ಸಂದಿ ಕೆರೆಯುವ ಕೊಕ್ಕೆಗಳನ್ನೇ ತಂದು ಬಾಗಿಲಿನ ಅಂಚುಪಟ್ಟಿಯ ಸಂದಿಯಲ್ಲಿ ಸಿಕ್ಕಿಕೊಂಡ ಹಳೇ ಬಣ್ಣ ತೆಗೆಯುತ್ತಾನೆ. ಮರ ಬಾಯಿ ತೆರೆದು ಕೂತಂತೆ ಕಾಣುತ್ತದೆ.

ಮೊದಲ ದಿನವೇ ನಾನು ಜಂಬ ಕೊಚ್ಚಿದ್ದೆ. “ಸಾಗುವಾನಿ ನನಗೆ ಹೊಸದಲ್ಲ, ತೀರ್ಥಹಳ್ಳಿ ಹತ್ತಿರ ನಮ್ಮಜ್ಜನ ಮನೆಯ ಬಾಗಿಲೇ ಸಾಗುವಾನಿ.” ಎಲ್ಲರೂ ಕೆಲಸ ನಿಲ್ಲಿಸಿ ನನ್ನನ್ನು ನೋಡಿದರು. ಇಲ್ಲಿ ಸಾಗುವಾನಿ ಅಂದರೆ ದೇವರು. ಬರ್ಮಾದಿಂದ ಹಡಗಿನಲ್ಲಿ ಬಂದ ಮರ. 1938ರಲ್ಲಿ ಗಂಟೆಗೆ 126 ಮೈಲಿ ಓಡಿದ ಮಲ್ಲಾರ್ಡ್ ಇಂಜಿನ್ ಇದೆಯಲ್ಲ, ಅದನ್ನು ಮಾಡಿದ ಗ್ರೆಸ್ಲಿಯ ಬೋಗಿಗಳೂ ಸಾಗುವಾನಿಯವೇ. ಬಣ್ಣ ಹಚ್ಚದೆ ಬರೀ ವಾರ್ನಿಶ್ ಹೊಡೆದು ಓಡಿಸುತ್ತಿದ್ದರು. ಆಮೇಲೆ ಉಕ್ಕಿನ ಬೋಗಿ ಬಂದರೂ ಜನಕ್ಕೆ ಮರವೇ ಬೇಕು. ಉಕ್ಕಿನ ಮೇಲೆ ಮರದ ಎಳೆ ಬರುವ ಹಾಗೆ ಬಣ್ಣ ಬಳಿದರಂತೆ! ನಮ್ಮಲ್ಲಿ ಸನ್‌ಮೈಕಾ ಅಂಟಿಸಿ ‘ಟೀಕ್ ಫಿನಿಶ್’ ಅಂತಾರಲ್ಲ, ಹಾಗೆ.

“ಆ ಬಾಗಿಲು ಈಗ ಎಲ್ಲಿದೆ?” ದಂತವೈದ್ಯ ಆಸೆಯಿಂದ ಕೇಳಿದ. ಹಳೇ ಮರ ಕೊಳ್ಳುವವನಿಗೆ ಕೊಟ್ಟುಬಿಟ್ಟೆವು ಅಂದೆ. “ಫೈಬರ್ ಬಾಗಿಲು ಹಾಕ್ಸಿ, ಗೆದ್ದಲು ಹಿಡಿಯಲ್ಲ” ಅಂತ ಫೋನಿನಲ್ಲಿ ಅಪ್ಪನಿಗೆ ಉಪದೇಶ ಮಾಡಿದವನು ನಾನೇ ಅನ್ನುವುದನ್ನು ನುಂಗಿಕೊಂಡೆ. ಒಳ್ಳೇ ಸಾಗುವಾನಿಯ ತಂಟೆಗೆ ಗೆದ್ದಲು ಸುಲಭಕ್ಕೆ ಹೋಗಲ್ಲ ಅಂತ ಆಮೇಲೆ ಕಲಿಸಿದ್ದೂ ಆ ಅಜ್ಜನೇ.

ನನ್ನ ಮೊದಲ ಸಾಧನೆ ಸ್ಕ್ರೂಗಳದ್ದು. ಹಿತ್ತಾಳೆ ಸ್ಕ್ರೂಗಳನ್ನು ಬಿಚ್ಚಿ, ಯಾವ ಹಲಗೆಯದು ಅಂತ ಚೀಟಿ ಅಂಟಿಸಿ, ಜಾಮ್ ಬಾಟಲಿಗಳಲ್ಲಿ ಸಾಲಾಗಿ ಇಟ್ಟಿದ್ದರು. ನಾನು ಎಲ್ಲವನ್ನೂ ಒಂದೇ ಬಕೆಟ್ಟಿಗೆ ಸುರಿದು, ತೊಳೆದು, ಥಳಥಳ ಹೊಳೆಯುವ ಹಾಗೆ ಮಾಡಿದೆ. ದಂತವೈದ್ಯ ಬಕೆಟ್ ನೋಡಿದ. “ಇಂಟರೆಸ್ಟಿಂಗ್” ಅಂದ. ಇಂಗ್ಲಿಷರು ಇಂಟರೆಸ್ಟಿಂಗ್ ಅಂದರೆ ನಮ್ಮಲ್ಲಿ ‘ನಿನ್ ತಲೆ’ ಅಂದ ಹಾಗೆ.

ಆದರೂ ಒಂದು ಬಾಗಿಲನ್ನು ನನಗೇ ಬಿಟ್ಟುಕೊಟ್ಟರು. ನಾಲ್ಕು ತಿಂಗಳು ಉಜ್ಜಿದೆ. ಬೀಗ ಕೂರಿಸಿದೆ. ಸರಿಯಾಗಿ ಕೂತಿದೆಯಾ ಅಂತ ನೋಡಲು ಒಳಗೆ ಹೋಗಿ ಧಡ್ ಅಂತ ಎಳೆದುಕೊಂಡೆ. ಚೆನ್ನಾಗಿ ಕೂತಿತ್ತು. ಎಷ್ಟು ಚೆನ್ನಾಗಿ ಅಂದರೆ, ತೆಗೆಯಲು ಹೋದರೆ ಒಳಗೆ ಹಿಡಿಯೇ ಇಲ್ಲ! ಈ ಬೋಗಿಯ ಬಾಗಿಲಿಗೆ ಹಿಡಿ ಇರುವುದು ಹೊರಗಡೆ ಮಾತ್ರ. ಕಿಟಕಿಗೆ ತೂತುಗಳಿರುವ ಚರ್ಮದ ಪಟ್ಟಿ ಇರುತ್ತದೆ. ಅದನ್ನು ಬಿಚ್ಚಿ, ಗಾಜು ಇಳಿಸಿ, ಕೈ ಹೊರಗೆ ಹಾಕಿ ಹಿಡಿ ತಿರುಗಿಸಬೇಕು. ಪಟ್ಟಿ ಇನ್ನೂ ಹಾಕಿರಲಿಲ್ಲ. ಗಾಜಿನ ಚೌಕಟ್ಟು ನಾನೇ ಬಳಿದ ವಾರ್ನಿಶ್ಶಿಗೆ ಅಂಟಿಕೊಂಡಿತ್ತು. ಆಚೆ ಬದಿಯ ಬಾಗಿಲು ಶೆಡ್ಡಿನ ಗೋಡೆಗೆ ಒತ್ತಿಕೊಂಡಿತ್ತು. ಫೋನು ಹೊರಗೆ ಕೋಟಿನಲ್ಲಿ. ಜನ ಚಹಾಕ್ಕೆ ಹೋಗಿದ್ದರು. ಚಹಾ ಅಂದರೆ ನಮ್ಮ ಶೆಡ್ಡಿನಲ್ಲಿ ನಲವತ್ತು ನಿಮಿಷ.

ಬಡಿದೆ. ಕೂಗಿದೆ. ಕನ್ನಡದಲ್ಲೂ ಕೂಗಿದೆ. ಸುಸ್ತಾಗಿ ಒರಗಿದ್ದು ಹಸಿ ವಾರ್ನಿಶ್ ಹಲಗೆಗೆ. ಕೊನೆಗೆ ದಂತವೈದ್ಯ ಬಿಸ್ಕತ್ತು ಕಡಿಯುತ್ತಾ ಬಂದು ಬಾಗಿಲು ತೆಗೆದ. ನನ್ನನ್ನು ನೋಡಿದ, ಬೀಗ ನೋಡಿದ, ಕೆಲಸದ ಪುಸ್ತಕದಲ್ಲಿ ‘ಬೀಗ: ಪರೀಕ್ಷಿಸಲಾಗಿದೆ’ ಅಂತ ಬರೆದುಕೊಂಡ. ಹಲಗೆಯ ಮೇಲೆ ನನ್ನ ಸ್ವೆಟರಿನ ಹೆಣಿಗೆ ಪೂರ್ತಿ ಅಚ್ಚಾಗಿತ್ತು. ಮತ್ತೆ ಉಪ್ಪುಕಾಗದ.

ಹೋದ ಬೇಸಿಗೆಯಲ್ಲಿ ಬೋಗಿ ಹಳಿಗೆ ಇಳಿಯಿತು. ಅಮ್ಮ ಆಗ ಇಲ್ಲೇ ಇದ್ದಳು. ಕಿಟಕಿ ಪಕ್ಕ ಕೂತವಳು ಮೊದಲು ಮಾಡಿದ ಕೆಲಸ, ಬೆರಳಿನ ಗಣ್ಣಿನಿಂದ ಬಾಗಿಲನ್ನು ಟಕಟಕ ಕುಟ್ಟಿದ್ದು. “ನಮ್ಮ ಬಾಗಿಲಿಗಿಂತ ತೆಳು” ಅಂದಳು. ಅದೊಂದು ಬಿಟ್ಟರೆ ದಾರಿಯುದ್ದಕ್ಕೂ ಅದರ ಮೇಲಿಂದ ಕೈ ತೆಗೆಯಲಿಲ್ಲ.

ಸ್ಟೇಷನ್ ಬಂತು. ಎದ್ದಳು. ಬಾಗಿಲನ್ನು ಮೇಲೆ ಕೆಳಗೆ ತಡಕಿದಳು. “ಹಿಡಿ ಎಲ್ಲೋ?”

ನಾನು ಗತ್ತಿನಿಂದ ಚರ್ಮದ ಪಟ್ಟಿ ಬಿಚ್ಚಿದೆ. ಗಾಜು ಒಂದು ಗೇಣು ಇಳಿದು ಅಲ್ಲೇ ಸಿಕ್ಕಿಕೊಂಡಿತು. ಗಾರ್ಡ್ ಓಡಿ ಬಂದು ಹೊರಗಿನಿಂದ ತೆಗೆಯುವವರೆಗೆ ನನ್ನ ಕೈ ಮಾತ್ರ ಆಚೆ ಇತ್ತು.

ಅಮ್ಮ ಸೆರಗು ಸರಿಮಾಡಿಕೊಂಡು ಇಳಿದಳು. “ಇದಕ್ಕಿಂತ ಫೈಬರ್ ಬಾಗಿಲೇ ವಾಸಿ ಬಿಡೋ.”