ಪಟ್ಟಿಯಲ್ಲೊಂದು ಸ್ವಂತ ಜಾಗ

ಮುಂಬಯಿಯಲ್ಲಿ ಬಡವರಿಗೆ ಜಾಗ ಇಲ್ಲ ಅನ್ನುವವರಿಗೆ ಮ್ಹಾಡಾ, ಅಂದರೆ ಮಹಾರಾಷ್ಟ್ರ ಸರ್ಕಾರದ ಗೃಹನಿರ್ಮಾಣ ಸಂಸ್ಥೆ, ಮನೆ ಹಂಚುವ ಲಾಟರಿಯ ವಿಷಯ ಗೊತ್ತಿಲ್ಲ ಅಂತ ಕಾಣುತ್ತದೆ. ಜಾಗ ಧಾರಾಳವಾಗಿದೆ. ಕಟ್ಟಡದಲ್ಲಿ ಅಲ್ಲ, ಪಟ್ಟಿಯಲ್ಲಿ. 2024ರಲ್ಲಿ ಮ್ಹಾಡಾದ ಮುಂಬಯಿ ಮಂಡಳಿ 2,030 ಮನೆಗಳಿಗೆ ಅರ್ಜಿ ಕರೆಯಿತು. ಅರ್ಜಿ ಹಾಕಿದವರು ಲಕ್ಷ ದಾಟಿದರು. ಗೆದ್ದವರಿಗೆ ಮನೆ. ಅವರ ಹಿಂದಿನ ನಂಬರಿನವರಿಗೆ ವೇಟಿಂಗ್ ಲಿಸ್ಟು. ಮಿಕ್ಕವರಿಗೆ ಮುಂದಿನ ಲಾಟರಿ.

ರಿಸಲ್ಟಿನ ಸಂಜೆ ಮಾಟುಂಗದ ಒಂದು ಉಡುಪಿ ಹೋಟೆಲಿನ ಗಲ್ಲಾದ ಹತ್ತಿರ ಹೋಗಿ ನಿಲ್ಲಬೇಕು. ಭಟ್ರು ಒಂದು ಕೈಯಲ್ಲಿ ಚಿಲ್ಲರೆ ಕೊಡುತ್ತಾರೆ, ಇನ್ನೊಂದು ಕೈಯಲ್ಲಿ ಮೊಬೈಲಿನ ಪಿಡಿಎಫ್ ಹಿಗ್ಗಿಸುತ್ತಾರೆ. ಮೊದಲು ಯೋಜನೆಯ ಕೋಡ್ ನಂಬರ್. ಅದರ ಕೆಳಗೆ ವರ್ಗ. ವರ್ಗದ ಕೆಳಗೆ ಅರ್ಜಿ ನಂಬರು, ಹೆಸರು. ಗೆದ್ದವರ ಪಟ್ಟಿ ಮುಗಿದು ವೇಟಿಂಗ್ ಶುರುವಾಗುವಾಗ ಬೆರಳು ನಿಧಾನ ಆಗುತ್ತದೆ. ಟೇಬಲ್ ಒರೆಸುವ ಹುಡುಗ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಇಣುಕುತ್ತಾನೆ. ಗಿರಾಕಿ ಬಿಲ್ಲು ಹಿಡಿದು ನಿಂತೇ ಇದ್ದಾನೆ.

‘ಉಂಟು ಮಾರಾಯ! ಆರನೇ ನಂಬರ್!’

‘ಆರನೇ ಮಾಳಿಗೆಯಾ ಭಟ್ರೇ?’

‘ಮಾಳಿಗೆ ಅಲ್ಲವಾ, ವೇಟಿಂಗು.’

ಇಡೀ ಹೋಟೆಲಿಗೆ ಸುದ್ದಿ. ಅಡುಗೆಮನೆಯಿಂದ ಒಬ್ಬರು ಬಂದು ಕೈ ಕುಲುಕಿದರು. ಗಿರಾಕಿಯೂ ‘ಅಭಿನಂದನ್’ ಅಂದ. ಅವನ ಚಿಲ್ಲರೆ ಮಾತ್ರ ಇನ್ನೂ ಬಂದಿರಲಿಲ್ಲ.

ವೇಟಿಂಗ್ ಲಿಸ್ಟಿನವರ ಭಕ್ತಿ ಬೇರೆ ಥರದ್ದು. ‘ದೇವರೇ, ನನಗೊಂದು ಮನೆ ಕೊಡು’ ಅಂತ ಇವರು ಬೇಡುವ ಹಾಗಿಲ್ಲ. ಮನೆ ಆಗಲೇ ಯಾರಿಗೋ ಹೋಗಿದೆ. ‘ಮೇಲಿನವನ ಡೊಮಿಸೈಲ್ (ವಾಸದ) ಸರ್ಟಿಫಿಕೇಟಿನಲ್ಲಿ ಏನಾದರೂ ತಪ್ಪಿರಲಿ’ ಅಂತಲೇ ಬೇಡಬೇಕು. ಮುಂದಿರುವವನು ಅನರ್ಹ ಆದರೆ ಅಥವಾ ಬೇಡ ಅಂದರೆ ತಾನೇ ಹಿಂದಿನವನ ಸರದಿ? ಸಿದ್ಧಿವಿನಾಯಕನಿಗೂ ಇಂಥ ಹರಕೆ ಕೇಳಿ ಕೇಳಿ ಸಾಕಾಗಿರಬೇಕು. ಆದರೆ 2023ರಿಂದ ಆ ದಾರಿಗೂ ಕಲ್ಲು ಬಿತ್ತು. ಈಗ ಡೊಮಿಸೈಲು, ಆಧಾರ್, ಪ್ಯಾನ್, ಆದಾಯದ ಪುರಾವೆ ಎಲ್ಲವನ್ನೂ ಲಾಟರಿಗೆ ಮುಂಚೆಯೇ ಕಂಪ್ಯೂಟರು ನೋಡಿ ಮುಗಿಸುತ್ತದೆ. ಹಾಗಾಗಿ ಭಟ್ರಂಥವರಿಗೆ ಉಳಿದದ್ದು ಒಂದೇ ಆಸೆ: ಮೇಲಿನವನಿಗೆ ಬ್ಯಾಂಕು ಸಾಲ ಕೊಡಬಾರದು.

ಇದು ಆಗದ ಮಾತಲ್ಲ. ಶಾಸಕರಿಗೇ ಆಗಿದೆ. ಮ್ಹಾಡಾ ಮನೆಗಳಲ್ಲಿ ಸಂಸದ, ಶಾಸಕರಿಗೆ ಅಂತ ನೂರಕ್ಕೆ 2 ಮೀಸಲು. ಬಡವರ ಸಾಲಿನಲ್ಲಿ ಪ್ರಜಾಪ್ರತಿನಿಧಿಗಳು ನಿಲ್ಲದಿದ್ದರೆ ಅವರನ್ನು ಪ್ರತಿನಿಧಿ ಅನ್ನುವುದು ಹೇಗೆ, ಅಲ್ವಾ? 2023ರ ಆಗಸ್ಟ್ ಲಾಟರಿಯಲ್ಲಿ ದಕ್ಷಿಣ ಮುಂಬಯಿಯ ತಾರ್‌ದೇವ್‌ನ ಒಂದು ಫ್ಲಾಟಿಗೆ 7.5 ಕೋಟಿ ದಾಟಿದ ಬೆಲೆ ಇತ್ತು. ಗೆದ್ದವರು ಮರಾಠವಾಡಾದ ಒಬ್ಬ ಶಾಸಕರು. ಅವರ ಹಿಂದೆ ವೇಟಿಂಗಿನಲ್ಲಿ ಇದ್ದವರು ಕೇಂದ್ರದ ರಾಜ್ಯ ಸಚಿವರು! ಕೊನೆಗೆ ಶಾಸಕರು ಇಷ್ಟು ದುಡ್ಡು ಹೊಂದಿಸಲು ಆಗುವುದಿಲ್ಲ ಅಂತ ಕೈಬಿಟ್ಟರು. ಜನಸಾಮಾನ್ಯರ ಮನೆ ಶಾಸಕರ ಕೈಗೂ ಎಟುಕಲಿಲ್ಲ. ಸಮಾನತೆ ಅಂದರೆ ಇದೇ.

ಸುಮ್ನೆ ಒಂದು ಲೆಕ್ಕ ಮಾಡಿ ನೋಡಿ. ಆ ವರ್ಷ 4,082 ಮನೆಗಳಿಗೆ ಹತ್ತಿರ ಹತ್ತಿರ 1.2 ಲಕ್ಷ ಅರ್ಜಿ. ಒಂದು ಅರ್ಜಿಗೆ ಜಿಎಸ್‌ಟಿ ಸೇರಿ 590 ರೂಪಾಯಿ, ಅದು ವಾಪಸ್ ಬರುವುದಿಲ್ಲ. ಒಟ್ಟು 7 ಕೋಟಿ ಚಿಲ್ಲರೆ. ಅಂದರೆ ಸಾಲಿನಲ್ಲಿ ನಿಂತ ಅಷ್ಟೂ ಜನ ತಮ್ಮ ಅರ್ಜಿಯ ದುಡ್ಡು ಒಟ್ಟು ಹಾಕಿದ್ದರೂ ತಾರ್‌ದೇವ್‌ನ ಆ ಒಂದು ಫ್ಲಾಟು ಬರುತ್ತಿರಲಿಲ್ಲ. ಇನ್ನೊಂದು ಅರ್ಧ ಕೋಟಿ ಸಾಲ ಮಾಡಬೇಕಾಗಿತ್ತು.

ಆದಾಯದ ಗುಂಪುಗಳೂ ಹಾಗೆಯೇ. ಗಂಡ ಹೆಂಡತಿಯ ವರಮಾನ ಸೇರಿ ವರ್ಷಕ್ಕೆ 6 ಲಕ್ಷದವರೆಗೆ ಇದ್ದರೆ ಅತಿ ಕಡಿಮೆ ಆದಾಯದವರು. 9 ಲಕ್ಷದವರೆಗೆ ಕಡಿಮೆ, 12ರವರೆಗೆ ಮಧ್ಯಮ. ಅದರಾಚೆ ಹೆಚ್ಚಿನ ಆದಾಯದವರು, ಅವರಿಗೆ ಮೇಲ್ಮಿತಿಯೇ ಇಲ್ಲ. ಬಡತನಕ್ಕೆ ಗೆರೆ ಹಾಕಿದ್ದಾರೆ, ಸಿರಿತನಕ್ಕೆ ಹಾಕಿಲ್ಲ. ಬ್ಯಾಂಕಿನವರ ಕತೆ ಉಲ್ಟಾ. ‘ವರಮಾನ 6 ಲಕ್ಷದ ಒಳಗಾ? ಹಾಗಾದರೆ ಇಷ್ಟು ಸಾಲ ಕೊಡಲಿಕ್ಕೆ ಆಗುವುದಿಲ್ಲ.’ ಮನೆಗೆ ಅರ್ಹತೆ ಬರುವಷ್ಟು ಬಡವನೂ ಆಗಿರಬೇಕು, ಸಾಲಕ್ಕೆ ಅರ್ಹತೆ ಬರುವಷ್ಟು ಸಾಹುಕಾರನೂ ಆಗಿರಬೇಕು. ಈ ಎರಡೂ ಆಗಿರುವ ಮನುಷ್ಯ ಯಾರು ಅಂತ ಭಟ್ರನ್ನು ಕೇಳಿದೆ. ‘ನಮ್ಮ ಸೇಠ್,’ ಅಂದರು. ‘ಬಿಲ್ಲಿನ ಪುಸ್ತಕದಲ್ಲಿ ಬಡವ, ಗಲ್ಲಾದಲ್ಲಿ ಸಾಹುಕಾರ.’

ಪಟ್ಟಿಯ ಹಿರಿಯರು ಅಂದರೆ ಬಟ್ಟೆ ಗಿರಣಿ ಕಾರ್ಮಿಕರು. 1982ರ ಜನವರಿ 18ಕ್ಕೆ ಮುಷ್ಕರ ಶುರುವಾಯಿತು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಫೀನಿಕ್ಸ್ ಮಿಲ್ಲಿನ ಜಾಗದಲ್ಲಿ ಈಗ ಮಾಲ್ ಇದೆ, ಎಸಿ ಇದೆ, ಕಾಫಿ ಇದೆ. ಮಿಲ್ಲಿನ ಜಮೀನಿನಲ್ಲಿ ಕಾರ್ಮಿಕರಿಗೂ ಮನೆ ಅಂದಿದ್ದರು. ಮೊದಲ ಲಾಟರಿ ತೆಗೆದದ್ದು 2012ರಲ್ಲಿ, ಮುಷ್ಕರಕ್ಕೆ 30 ವರ್ಷ ತುಂಬಿದ ಮೇಲೆ. ಒಂದೂವರೆ ಲಕ್ಷಕ್ಕೂ ಜಾಸ್ತಿ ಅರ್ಜಿ. ಅಪ್ಪನ ಹೆಸರಿನ ಅರ್ಜಿ ಈಗ ಎಷ್ಟೋ ಕಡೆ ಮಗನ ಕೈಯಲ್ಲಿದೆ. ಊರಿನಲ್ಲಿ ತೋಟ ವಾರಸಿಗೆ ಬರುತ್ತದೆ, ಇಲ್ಲಿ ಕಾಯುವ ಹಕ್ಕು ವಾರಸಿಗೆ ಬರುತ್ತದೆ. ಈಚೆಗೆ ಸರ್ಕಾರ ಇವರಿಗೆ ಶೇಲು, ವಾಂಗಣಿಯ ಕಡೆ ಮನೆ ತೋರಿಸಿತು. ಶೇಲು ಎಲ್ಲಿ ಅಂತ ಕೇಳಬೇಡಿ. ಕರ್ಜತ್ ಲೋಕಲ್ ಹಿಡಿದು, ಬದ್ಲಾಪುರ ದಾಟಿ, ವಾಂಗಣಿಯೂ ದಾಟಬೇಕು. ಪರೇಲಿನಲ್ಲಿ ನೂಲು ತೆಗೆದವರಿಗೆ ಶೇಲುವಿನಲ್ಲಿ ಮನೆ! ಕಾರ್ಮಿಕರು ಆಜಾದ್ ಮೈದಾನದಲ್ಲಿ ಸೇರಿ ‘ನಮಗೆ ಮುಂಬಯಿಯಲ್ಲೇ ಕೊಡಿ’ ಅಂದರು. ಅಧಿಕಾರಿಗಳಿಗೆ ಬೇಜಾರಾಗಿರಬೇಕು. ಇಷ್ಟು ವರ್ಷ ಕಾದವರಿಗೆ ಇನ್ನು ಎರಡು ಗಂಟೆ ಟ್ರೇನಿನಲ್ಲಿ ಕೂರಲು ಏನು ಕಷ್ಟ?

ಇತ್ತ ವಿರಾರ್‌ನ ಬೋಳಿಂಜ್‌ನಲ್ಲಿ ಇನ್ನೊಂದು ಚೋದ್ಯ. ಅಲ್ಲಿ ಮ್ಹಾಡಾದ್ದೇ ಸಾವಿರಾರು ಮನೆಗಳು ಗಿರಾಕಿ ಇಲ್ಲದೆ ಬಿದ್ದಿದ್ದವು. ದೂರ, ನೀರಿನ ತೊಂದರೆ, ಬೆಲೆಯೂ ಜನ ಓಡಿ ಬರುವಂಥದ್ದಲ್ಲ. ಕೊನೆಗೆ ಲಾಟರಿಯನ್ನೇ ಬಿಟ್ಟು ‘ಮೊದಲು ಬಂದವರಿಗೆ ಮೊದಲು’ ಅಂತ ಕೂಗಬೇಕಾಯಿತು. ಅತ್ತ ಮನೆಗಾಗಿ ಜನರ ವೇಟಿಂಗ್ ಲಿಸ್ಟು, ಇತ್ತ ಜನರಿಗಾಗಿ ಮನೆಗಳ ವೇಟಿಂಗ್ ಲಿಸ್ಟು. ನಡುವೆ ವೆಸ್ಟರ್ನ್ ರೈಲ್ವೆ ಲೈನು.

ಭಟ್ರಿಗೆ ಇದನ್ನೆಲ್ಲ ಹೇಳಿದರೆ ಬೇಜಾರೇ ಇಲ್ಲ. ಅವರ ಮಗನಿಗೆ ಈಗ ಹೆಣ್ಣು ನೋಡುತ್ತಿದ್ದಾರೆ. ಮುಂಬಯಿ ಹುಡುಗ ಅಂದ ಕೂಡಲೇ ಮೊದಲ ಪ್ರಶ್ನೆ ‘ಸ್ವಂತ ರೂಮು ಉಂಟಾ?’ ಇಷ್ಟು ವರ್ಷ ಆ ಪ್ರಶ್ನೆಗೆ ಭಟ್ರು ಕೆಮ್ಮುತ್ತಿದ್ದರು. ಮೊನ್ನೆ ಡೊಂಬಿವಲಿಯಿಂದ ಹುಡುಗಿಯ ಸೋದರಮಾವ ಬಂದಾಗ ಕೆಮ್ಮಲಿಲ್ಲ. ಪ್ರಿಂಟ್ ತೆಗೆಸಿ, ಲ್ಯಾಮಿನೇಶನ್ ಮಾಡಿಸಿದ ಪಟ್ಟಿಯನ್ನೇ ಮುಂದಿಟ್ಟರು. ತಮ್ಮ ಹೆಸರಿನ ಮೇಲೆ ಹಳದಿ ಗೆರೆ.

ಮಾವ ಕನ್ನಡಕ ಏರಿಸಿ ಓದಿದರು. ಆರನೆಯ ಹೆಸರು ನೋಡಿದರು. ಅದರ ಮೇಲಿನ ಐದು ಹೆಸರನ್ನೂ ಬೆರಳಿಟ್ಟು ನೋಡಿದರು. ಆಮೇಲೆ ಬಾಳೆಹಣ್ಣು ಸುಲಿಯುತ್ತಾ ನಿಧಾನವಾಗಿ ಕೇಳಿದರು:

‘ನಿಮ್ಮ ಹುಡುಗನ ಜಾತಕ ಇರಲಿ ಭಟ್ರೇ. ಈ ಐದು ಜನರದ್ದು ಸಿಗ್ತದಾ?’